ಏಳು ನಂಬರಿನ ಮಾಸ್ಕು

ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಐದೂ ನಲವತ್ತಕ್ಕೆ ನಿಂಬರ್ಗಾದಿಂದ ಅಳಿಯನ ಫೋನು ಬಂತು. ಅಳಿಯ ಅಂದರೆ ನನ್ನ ಅಕ್ಕನ ಮಗ, ನಲವತ್ತು ದಾಟಿದವನು, ಹೊಲ ಮನೆ ನೋಡಿಕೊಂಡಿರುವವನು. ಆ ಹೊತ್ತಿಗೆ ನಾನು ಜೇವರ್ಗಿಯ ನಮ್ಮ ಅಂಗಳದಲ್ಲಿ ವ್ಯಾಯಾಮ ಮಾಡುತ್ತಿರುತ್ತೇನೆ, ಫೋನು ಎತ್ತುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಮೂರು ಸಲ ಬಾರಿಸಿತು. ಮೂರನೆಯ ಸಲ ಎತ್ತಿದೆ.

"ಮಾಮಾ, ಅವ್ವನ ಲಿಂಗ ಬಾವ್ಯಾಗ ಬಿದ್ದದ್ರಿ. ನಿನ್ನೆ ಮುಂಜಾನಿಯಿಂದ ಬಾಯಾಗ ಏನೂ ಹಾಕಿಲ್ರಿ. ನಿಮ್ಮ ಆ ನೀರಿನ ಚಸ್ಮಾ ತಗೊಂಡು ಬರ್ರಿ," ಎಂದ.

ಹಬ್ಬದ ದಿನ ಎಲ್ಲರೂ ಭಜ್ಜಿ, ಕಡಬು, ಸಜ್ಜೆರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದರು. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವುದಕ್ಕೆ ಮುಂಚೆ ಕೈಕಾಲು ತೊಳೆದು ಕೊಡ ತುಂಬಿಕೊಳ್ಳಲೆಂದು ಅಕ್ಕ ಬಾವಿಯ ಮೆಟ್ಟಿಲು ಇಳಿದಿದ್ದಳು. ಬಗ್ಗಿದಾಗ ಕೊರಳಿನ ಶಿವದಾರ ಹರಿಯಿತು. ಲಿಂಗ ಇಟ್ಟಿದ್ದ ಬೆಳ್ಳಿಯ ಕರಡಗಿ ಕಲ್ಲಿಗೆ ಬಡಿದು ಬಾಯಿ ಬಿಟ್ಟಿತು. ಅಕ್ಕನಿಗೆ ನೀರಿನಲ್ಲಿ ಎರಡು ಸಪ್ಪಳ ಕೇಳಿಸಿದವು, ಒಂದು ದೊಡ್ಡದು, ಒಂದು ಸಣ್ಣದು. ಅಳಿಯನೂ ಪಕ್ಕದ ಹೊಲದ ಇಬ್ಬರೂ ಸಂಜೆಯವರೆಗೆ ಮುಳುಗಿ ತಡಕಾಡಿ ಕರಡಗಿಯನ್ನು ತಂದರು. ಅದು ಬರಿದಾಗಿತ್ತು. ಲಿಂಗ ನೆಲ್ಲಿಕಾಯಿಯಷ್ಟು ದಪ್ಪ, ಮೇಲೆ ಮೆತ್ತಿದ ಕಂತಿಯ ಲೇಪದಿಂದ ಕಪ್ಪು. ಬಾವಿಯ ತಳದಲ್ಲಿರುವುದೆಲ್ಲ ಅದೇ ಗಾತ್ರದ ಕರಿಕಲ್ಲಿನ ಚೂರುಗಳೇ. ಕೈಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

ಅಕ್ಕನಿಗೆ ಎಪ್ಪತ್ತನಾಲ್ಕು. ಸಕ್ಕರೆ ಕಾಯಿಲೆ ಇದೆ, ಎರಡು ಹೊತ್ತು ಗುಳಿಗೆ ನುಂಗುತ್ತಾಳೆ. ಲಿಂಗಪೂಜೆ ಮಾಡದೆ ಆಕೆ ಊಟ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಪೂಜೆ ಮಾಡಲು ಈಗ ಲಿಂಗವಿಲ್ಲ. ಇಷ್ಟು ತಿಳಿದ ಮೇಲೆ ಕೇಳಬೇಕಾದ್ದು ಬೇರೇನೂ ಇರಲಿಲ್ಲ. ಹತ್ತು ನಿಮಿಷದಲ್ಲಿ ಚೀಲ ಕಟ್ಟಿ ಆರೂ ಕಾಲಿನ ಕಲಬುರಗಿ ಬಸ್ಸು ಹತ್ತಿದೆ.

ಅಳಿಯ ಹೇಳಿದ ನೀರಿನ ಚಸ್ಮಾದ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ನಾನು ಮೂವತ್ತೈದು ವರ್ಷ ಅಫಜಲಪುರ, ಆಳಂದ, ಜೇವರ್ಗಿ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಅದಕ್ಕೂ ಮುಂಚೆ ಮಠದ ವಸತಿಯಲ್ಲಿ ಎಂಟು ವರ್ಷ ಬೆಳೆದವನು. ಅಲ್ಲಿ ನಾಲ್ಕೂವರೆಗೆ ಗಂಟೆ ಹೊಡೆಯುತ್ತಿತ್ತು. ಈಗಲೂ ನಾಲ್ಕೂವರೆಗೆ ಏಳುತ್ತೇನೆ, ಗಂಟೆ ಮಾತ್ರ ಇಲ್ಲ. ಈಜು ನನಗೆ ಮಠದ ಬಾವಿಯಲ್ಲಿ ಬಂತು, ನನ್ನಿಂದ ನೂರಾರು ಮಕ್ಕಳಿಗೆ ಹೋಯಿತು. ಆದರೆ ಹತ್ತನೆಯ ಇಯತ್ತೆಯಲ್ಲಿದ್ದಾಗಲೇ ನನ್ನ ಕಣ್ಣಿನ ನಂಬರು ಮೈನಸ್ ನಾಲ್ಕು, ಈಗ ಏಳು. ಚಸ್ಮಾ ತೆಗೆದರೆ ಅಂಗೈಯ ಗೆರೆ ನೋಡಲೂ ಅಂಗೈಯನ್ನು ಮೂಗಿನ ಹತ್ತಿರ ಹಿಡಿಯಬೇಕು. ಐವತ್ತು ವರ್ಷ ಈಜಿದವನು ಒಂದು ಬಾವಿಯ ತಳವನ್ನೂ ನೋಡಿರಲಿಲ್ಲ. ನೀರಿನೊಳಗೆ ನನಗೆ ಕಾಣುತ್ತಿದ್ದುದು ಒಂದು ಹಸಿರು ಬೆಳಕು, ಅಷ್ಟೇ.

ನಿವೃತ್ತನಾದ ಮೇಲೆ ಕಲಬುರಗಿಯ ಚಸ್ಮಾ ಅಂಗಡಿಯಲ್ಲಿ, ನೀರಿನಲ್ಲಿ ಹಾಕಿಕೊಳ್ಳುವ ನಂಬರಿನ ಚಸ್ಮಾ ಸಿಗುತ್ತದೆಯೇ ಎಂದು ಕೇಳಿದೆ. ನೀರಾಗ ಕುಂತು ಏನ್ ಓದ್ತೀರಿ ಸರ್ ಎಂದು ಅಂಗಡಿಯವನು ನಕ್ಕ. ಕೊನೆಗೆ ನನ್ನ ಒಬ್ಬ ಹಳೆಯ ವಿದ್ಯಾರ್ಥಿ ದಾರಿ ಮಾಡಿದ. ಅವನು ಈಗ ಮುರ್ಡೇಶ್ವರದ ಕಡೆ ಪ್ರವಾಸಿಗಳನ್ನು ಸಮುದ್ರದಲ್ಲಿ ಮುಳುಗಿಸಿ ಮೀನು ತೋರಿಸುವ ಕೆಲಸದಲ್ಲಿದ್ದಾನೆ. ನನ್ನ ಕಣ್ಣಿನ ಚೀಟಿಯ ಫೋಟೋ ತರಿಸಿಕೊಂಡು, ಮೂಗನ್ನೂ ಒಳಗೊಳ್ಳುವ ರಬ್ಬರಿನ ಮಾಸ್ಕು ಕಳಿಸಿದ. ಎರಡು ಕಣ್ಣಿಗೆ ಎರಡು ಬೇರೆ ಗಾಜು, ಎರಡೂ ಏಳು ನಂಬರಿನವು. ನನ್ನ ಬಲಗಣ್ಣು ಏಳೂವರೆ. ಅರ್ಧ ನಂಬರು ಕಡಿಮೆಯಾದರೂ ನಡೆಯುತ್ತದೆ, ನೀರಿನಲ್ಲಿ ಎಲ್ಲವೂ ಹತ್ತಿರ ಮತ್ತು ದೊಡ್ಡದಾಗಿ ಕಾಣುತ್ತದೆ ಎಂದು ಹೇಳಿದ.

ಮಾಸ್ಕು ಬಂದ ದಿನದಿಂದ ಒಂದು ವಹಿ ಇಟ್ಟೆ. ದಿನಕ್ಕೊಂದು ಪುಟ. ಮೊದಲ ಇಪ್ಪತ್ತಾರು ಪುಟಗಳಲ್ಲಿ ಒಂದೇ ಮಾತು ಇದೆ: ಆವಿ ಹಿಡಿಯಿತು.

ಕೊಳಕೂರಿನಲ್ಲಿ ನನ್ನ ಗೆಳೆಯರೊಬ್ಬರ ಹೊಲದ ಬಾವಿಯಲ್ಲಿ ನನ್ನ ಅಭ್ಯಾಸ. ನೀರಿಗಿಳಿದು ಹತ್ತು ಎಣಿಸುವುದರೊಳಗೆ ಗಾಜಿನ ಒಳಗೆ ಮಬ್ಬು. ಹೊಸ ಗಾಜಿನ ಮೇಲೆ ಕಾರ್ಖಾನೆಯ ಜಿಡ್ಡು ಇರುತ್ತದೆ, ಬಿಳಿ ಹಲ್ಲಿನ ಪೇಸ್ಟು ಹಚ್ಚಿ ತಿಕ್ಕಬೇಕು ಎಂದು ವಿದ್ಯಾರ್ಥಿ ಹೇಳಿದ. ಮೂರು ಸಂಜೆ ತಿಕ್ಕಿದೆ. ಸ್ವಲ್ಪ ಸುಧಾರಿಸಿತು, ಮತ್ತೆ ಮಬ್ಬಾಯಿತು. ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಪಟ್ಟಿ ಬಿಗಿಯದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆದರೆ ಅದು ಬೀಳದೆ ನಿಲ್ಲಬೇಕು. ನನ್ನದು ಬಿದ್ದಿತು. ಮೀಸೆಯ ಕೂದಲ ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ನೌಕರಿಗೆ ಸೇರಿದ ವರ್ಷದಿಂದ ಇದ್ದ ಮೀಸೆಯನ್ನು ಒಂದು ಬೆಳಿಗ್ಗೆ ಬೋಳಿಸಿದೆ. ಸೋರುವುದು ನಿಂತಿತು. ಮಬ್ಬು ನಿಲ್ಲಲಿಲ್ಲ.

ತಪ್ಪು ಎಲ್ಲಿದೆ ಎಂದು ಇಪ್ಪತ್ತೇಳನೆಯ ದಿನ ಗೊತ್ತಾಯಿತು. ನಾಲ್ಕೂವರೆಗೆ ಎದ್ದು ತಲೆಗೆ ಮೈಗೆ ಕುಸುಬಿ ಎಣ್ಣೆ ತಿಕ್ಕಿಕೊಂಡು, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಆಮೇಲೆ ಈಜಲು ಹೋಗುವುದು ನನಗೆ ಮಠ ಕಲಿಸಿದ ಕ್ರಮ. ಆ ಎಣ್ಣೆ ಹಣೆಯಿಂದ ಇಳಿದು ವಿಭೂತಿಯನ್ನೂ ಕರೆದುಕೊಂಡು ಗಾಜಿಗೆ ಬರುತ್ತಿತ್ತು. ರಾತ್ರಿ ನಾನು ಪೇಸ್ಟು ಹಚ್ಚಿ ತೆಗೆದ ಜಿಡ್ಡನ್ನು ಬೆಳಿಗ್ಗೆ ನಾನೇ ತಿರುಗಿ ಹಚ್ಚುತ್ತಿದ್ದೆ. ಕ್ರಮ ಬದಲಿಸಿದೆ. ಮೊದಲು ಈಜು, ಆಮೇಲೆ ಸ್ನಾನ, ಎಣ್ಣೆ, ವಿಭೂತಿ. ಬರೆಯಲು ಒಂದು ಸಾಲು. ಮೈ ಅದಕ್ಕೆ ಒಗ್ಗಲು ಒಂದು ತಿಂಗಳು ಬೇಕಾಯಿತು.

ಉಳಿದದ್ದನ್ನು ಒಂದೊಂದಾಗಿ ಕಂಡುಕೊಂಡೆ. ಬಿಸಿಯಾದ ಮುಖಕ್ಕೆ ಮಾಸ್ಕು ಹಾಕಬಾರದು. ಮೊದಲು ಬಾವಿಯ ತಣ್ಣೀರು ಮುಖಕ್ಕೆ ಎರಚಿಕೊಂಡು ಮುಖ ತಣಿಯಲು ಬಿಡಬೇಕು. ಮಾಸ್ಕನ್ನು ಹಣೆಗೆ ಏರಿಸಿ ನಿಲ್ಲಬಾರದು, ಹಣೆಯ ಬೆವರು ಗಾಜಿಗೆ ಹೋಗುತ್ತದೆ. ಮೂಗಿನಿಂದ ಉಸಿರು ಬಿಡಬಾರದು. ಆಳಕ್ಕೆ ಹೋದಾಗ ಮಾಸ್ಕು ಮುಖವನ್ನು ಕಚ್ಚಿ ಹಿಡಿದರೆ ಮಾತ್ರ ಒಂದು ಚೂರು ಬಿಡಬೇಕು. ಗಾಜಿನ ಒಳಮೈಗೆ ಕೂಸುಗಳ ಶಾಂಪೂ ಒಂದು ಹನಿ ಬೆರಳಿನಿಂದ ಸವರಿ, ಒಣಗಿಸಿ, ಇಳಿಯುವ ಮುಂಚೆ ತಂಬಿಗೆ ನೀರಿನಿಂದ ಒಮ್ಮೆ ಮಾತ್ರ ತೊಳೆಯಬೇಕು. ಈ ಪ್ರಕಾರ ಮಾಡಿದ ಮೊದಲ ದಿನ ಕೊಳಕೂರಿನ ಬಾವಿಯ ತಳದಲ್ಲಿ ನನ್ನ ಎರಡು ಪಾದಗಳನ್ನು ಬೆರಳು ಸಹಿತ ನೋಡಿದೆ. ಉಗುರು ಕತ್ತರಿಸಬೇಕಾಗಿತ್ತು.

ವಿದ್ಯಾರ್ಥಿ ಮೊದಲ ದಿನವೇ ಇದಕ್ಕಿಂತ ಸುಲಭದ ದಾರಿ ಹೇಳಿದ್ದ. "ಸರ್, ನೀವು ಒಪ್ಪಂಗಿಲ್ಲ ಅಂತ ಗೊತ್ತದ. ಆದ್ರ ಸಮುದ್ರದಾಗ ಎಲ್ಲಾರೂ ಗಾಜಿಗೆ ಉಗುಳ್ತಾರ್ರಿ." ನಾನು ಒಪ್ಪಲಿಲ್ಲ. ಪಾಟಿಯ ಮೇಲೆ ಉಗುಳಿ ಒರೆಸುವ ಮಕ್ಕಳನ್ನು ಮೈದಾನದ ಸುತ್ತ ಓಡಿಸಿದವನು ನಾನು. ಮೇಲಾಗಿ ನಮ್ಮ ಕಡೆ ಬಾವಿಗೆ ಎಂಜಲು ತಾಗಿಸುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತು ಅಡಕೆ ಅಗಿದವನನ್ನೂ ಬೈದು ಎಬ್ಬಿಸುತ್ತಾರೆ. ಆ ಮಾತನ್ನು ಅಲ್ಲಿಗೇ ಬಿಟ್ಟಿದ್ದೆ.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ನಿಂಬರ್ಗಾ ಮುಟ್ಟುವಾಗ ಹನ್ನೊಂದೂವರೆ. ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದೆ. ತೊಗರಿ ಕೊಯ್ಲಿಗೆ ಬಂದಿತ್ತು, ಜೋಳ ಎದೆಮಟ್ಟ ನಿಂತಿತ್ತು. ಬಾವಿಯ ಹತ್ತಿರ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿಕೊಂಡು ಅಕ್ಕ ಕೂತಿದ್ದಳು. ಮನೆಯಲ್ಲಿ ಮಲಗು ಎಂದರೆ ಕೇಳಿರಲಿಲ್ಲವಂತೆ, ಬಾವಿ ಕಣ್ಣಮುಂದೆ ಇರಬೇಕಂತೆ. ಕೊರಳು ಬರಿದಾಗಿತ್ತು. ಆಕೆಯ ಕೊರಳನ್ನು ಹಾಗೆ ನಾನು ನೋಡಿದ್ದು ಅದೇ ಮೊದಲು, ಕೂಡಲೇ ಕಣ್ಣು ಬೇರೆ ಕಡೆ ಹೊರಳಿಸಿದೆ.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೀಸಿ ಎಲ್ಲಿ ಕಳಕೊಂಡ್ಯೋ ತಮ್ಮಾ? ಅದೂ ಬಾವ್ಯಾಗ ಬಿತ್ತೇನು?"

ದನಿ ಸಣ್ಣದಾಗಿತ್ತು, ಹಾಸ್ಯ ಮಾತ್ರ ಹಾಗೇ ಇತ್ತು. ಆಕೆಯ ಸೊಸೆ ಅತ್ತು ಕರೆದು ಮಾಡಿದ್ದಕ್ಕೆ ನೀರು ಮಾತ್ರ ಗಂಟಲಿಗೆ ಇಳಿಸಿದ್ದಳು. ಗುಳಿಗೆ ಇಲ್ಲ. ಊಟವಿಲ್ಲದೆ ಗುಳಿಗೆ ಕೊಡಬಾರದೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆಳಂದಕ್ಕೆ ಕರೆದುಕೊಂಡು ಹೋಗಿ ಸಲಾಯಿನ್ ಹಚ್ಚಿಸುತ್ತೇನೆಂದು ಅಳಿಯ ಹೇಳಿದ್ದಕ್ಕೆ, ಸೂಜಿಯಿಂದ ಉಂಡರೂ ಅದು ಊಟವೇ ಎಂದಿದ್ದಳಂತೆ.

ನಾನು ಬರುವ ಹೊತ್ತಿಗೆ ಅಳಿಯ ಮೋಟಾರು ಚಾಲೂ ಮಾಡಿದ್ದ, ಬಾವಿ ಬರಿದು ಮಾಡುವ ಯೋಚನೆಯಲ್ಲಿದ್ದ. ನೀರು ಎರಡೂವರೆ ಆಳು. ಸೆಲೆ ಜೋರಾಗಿರುವ ಬಾವಿ, ಕರೆಂಟು ಇರುವ ತಾಸುಗಳನ್ನು ಕೂಡಿಸಿದರೆ ಬರಿದಾಗಲು ಮೂರು ದಿನ. ಆ ಮೂರು ದಿನ ಅಕ್ಕ ಉಣ್ಣುವವಳಲ್ಲ. ಇಷ್ಟರ ಮೇಲೆ ಪಂಪು ತಳದ ರಾಡಿಯನ್ನು ಎಬ್ಬಿಸುತ್ತದೆ. ಬಂದ್ ಮಾಡು ಎಂದೆ. ಮಾಡಿದ.

ನೀವು ಅರವತ್ತಾರರವರು, ಆ ಮಾಸ್ಕು ನನಗೆ ಕೊಡ್ರಿ, ನಾನು ಇಳಿಯುತ್ತೇನೆ ಎಂದು ಅವನು ಕೇಳಿದ. ಕೊಟ್ಟೆ. ಅವನ ಕಣ್ಣು ನೆಟ್ಟಗಿವೆ. ಹಾಕಿಕೊಂಡು ಎರಡು ಹೆಜ್ಜೆ ಇಟ್ಟವನು ಬೇವಿನ ಗಿಡಕ್ಕೆ ಭುಜ ತಾಗಿಸಿಕೊಂಡ. "ಬಾವಿ ಇರ್ಲಿ ಮಾಮಾ, ಬಾವಿ ಕಟ್ಟಿನೂ ಕಾಣವಲ್ದು," ಎಂದು ತೆಗೆದು ಕೊಟ್ಟ. ಊರಿನಲ್ಲಿ ಬೇರೆ ಯಾರ ಹತ್ತಿರವೂ ಅಂಥದ್ದು ಇರಲಿಲ್ಲ. ಹೀಗೆ, ಆ ಬಾವಿಯ ತಳವನ್ನು ನೋಡಬಲ್ಲವನು ಅಲ್ಲಿದ್ದವರಲ್ಲಿ ಅತ್ಯಂತ ಕೆಟ್ಟ ಕಣ್ಣಿನ ನಾನೊಬ್ಬನೇ ಎಂದಾಯಿತು.

ಚೀಲ ಬಿಚ್ಚಿದೆ. ಮಾಸ್ಕಿನ ಡಬ್ಬಿ, ಟಾವೆಲು, ಚಡ್ಡಿ ಇದ್ದವು. ಕೂಸುಗಳ ಶಾಂಪೂವಿನ ಬಾಟಲಿ ಇರಲಿಲ್ಲ. ಜೇವರ್ಗಿಯ ಬಚ್ಚಲ ಕಿಟಕಿಯಲ್ಲಿ ಉಳಿದಿತ್ತು. ಪ್ರಯಾಣಕ್ಕೆ ಹಿಂದಿನ ದಿನವೇ ಯಾದಿ ಬರೆದು ಚೀಲ ಕಟ್ಟುವವನು ನಾನು. ಅಂದು ಯಾದಿ ಬರೆದಿರಲಿಲ್ಲ.

ಅಕ್ಕನ ಸೊಸೆ ಮನೆಗೆ ಓಡಿ ಒಂದು ಶಾಂಪೂ ಪೊಟ್ಟಣ ತಂದಳು. ಕೂದಲು ಮೆತ್ತಗಾಗಲೆಂದು ಎಣ್ಣೆ ಕೂಡಿಸಿ ಮಾಡಿದ ತರಹದ್ದು. ಅದು ಎಂಥದ್ದೆಂದು ಓದಿಯೂ ನೋಡದೆ ಹಚ್ಚಿದೆ. ಬಿಸಿಲಲ್ಲಿ ನಡೆದು ಬಂದ ಮುಖ ಕಾದಿತ್ತು, ಅದನ್ನೂ ತಣಿಸಿಕೊಳ್ಳಲಿಲ್ಲ. ಕಂಬಳಿಯ ಮೇಲಿನಿಂದ ಅಕ್ಕ ನೋಡುತ್ತಿದ್ದಳು, ಅವಸರ ಮಾಡಿ ಇಳಿದುಬಿಟ್ಟೆ. ಒಂದಾಳು ನೀರು ದಾಟುವ ಮುಂಚೆಯೇ ಗಾಜು ಹಾಲಿನ ಗ್ಲಾಸಿನಂತಾಯಿತು, ಕಣ್ಣು ಉರಿಯಿತು. ಮೇಲೆ ಬಂದು ತೊಳೆದು ಮತ್ತೆ ಇಳಿದೆ. ಮತ್ತೆ ಅದೇ. ಏನೂ ಕಾಣದೆ ತಳದಲ್ಲಿ ಕೈ ಆಡಿಸಿದ್ದಕ್ಕೆ ರಾಡಿ ಎದ್ದಿತು. ಐದು ಸಲ ಮುಳುಗಿದೆ, ಐದು ಸಲವೂ ಬರಿಗೈ. ನನ್ನ ವಹಿಯಲ್ಲಿ ಬರೆದಿಟ್ಟ ಪ್ರತಿಯೊಂದು ತಪ್ಪನ್ನೂ ಒಂದೇ ಮಧ್ಯಾಹ್ನದಲ್ಲಿ ತಿರುಗಿ ಮಾಡಿದ್ದೆ.

ನಾಲ್ಕು ಗಂಟೆಗೆ ಬಾವಿಯ ಮೇಲಿಂದ ಬಿಸಿಲು ಸರಿಯಿತು. ಇವತ್ತಿಗೆ ಸಾಕು, ರಾಡಿ ಕೂಡಬೇಕು, ನಾಳೆ ಹತ್ತಕ್ಕೆ ಬಿಸಿಲು ನೀರಿಗೆ ಇಳಿದ ಮೇಲೆ ನಾನೊಬ್ಬನೇ ಇಳಿಯುತ್ತೇನೆ, ಅಲ್ಲಿಯವರೆಗೆ ಯಾರೂ ನೀರು ಮುಟ್ಟಬಾರದು ಎಂದು ಹೇಳಿದೆ. ಪಕ್ಕದ ಹೊಲದವರು ಇನ್ನೊಮ್ಮೆ ನೋಡೋಣ ಎಂದರು. ಶಾಲೆಯ ಮೈದಾನದಲ್ಲಿ ಹೇಳುವ ದನಿಯಲ್ಲಿ ಬೇಡ ಎಂದೆ. ಅಕ್ಕ ಎದ್ದಳು. ಸೊಸೆ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡು ಮನೆಗೆ ಕರೆತಂದೆವು.

ದೀಪ ಹಚ್ಚುವ ಹೊತ್ತಿಗೆ ಊರಿನ ಅಯ್ಯನವರು ಬಂದರು. ನನಗಿಂತ ಚಿಕ್ಕವರು, ಮೃದು ಮಾತಿನವರು. ಲಿಂಗ ಕಳೆದರೆ ಹೊಸದನ್ನು ಧರಿಸಲು ಅಡ್ಡಿಯಿಲ್ಲ, ಬೇಕಾದ ವಿಧಿ ಮಾಡಿ ನಾನೇ ಈಗ ಕೊಡುತ್ತೇನೆ, ದೇಹಕ್ಕೆ ಕಷ್ಟ ಕೊಡುವುದು ಬೇಡ ಎಂದು ಪಡಸಾಲೆಯಲ್ಲಿ ಕೂತು ಸಮಾಧಾನವಾಗಿ ಹೇಳಿದರು. ಅಕ್ಕ ಮಂಚದ ಮೇಲೆ ಎದ್ದು ಕೂತು ಅವರಿಗೆ ಕೈಮುಗಿದಳು.

"ಅದು ನನ್ನ ಕೊರಳಿಗಿ ಬಂದಾಗ ನನಗ ಹಲ್ಲ ಬಂದಿರ್ಲಿಲ್ರಿ ಅಪ್ಪಾರ. ಕಳದ್ರ ಬ್ಯಾರೆ ಮಾತು. ಅದು ಕಳದಿಲ್ಲ. ಎಲ್ಲಿ ಅದ ಅಂತ ನನಗ ಗೊತ್ತದ."

ಅಯ್ಯನವರು ನನ್ನ ಮುಖ ನೋಡಿದರು. ನಾಳೆ ಮಧ್ಯಾಹ್ನದವರೆಗೆ ಕಾಯ್ರಿ ಎಂದೆ. ಅಷ್ಟರೊಳಗೆ ಸಿಗದಿದ್ದರೆ? ಅದನ್ನು ಅಕ್ಕನಿಗೇ ಕೇಳಿದರು. ಅಷ್ಟರೊಳಗೆ ಸಿಗದಿದ್ದರೆ ನೀವು ಹೇಳಿದ ಹಾಗೆ ಎಂದು ಆಕೆ ಒಪ್ಪಿದಳು. ಒಪ್ಪಿ ಗೋಡೆಯ ಕಡೆ ತಿರುಗಿದಳು. ಆ ತಿರುಗುವಿಕೆಯನ್ನು ನೋಡಿದ ಮೇಲೆ ನನಗೆ ಮಧ್ಯಾಹ್ನದ ಗಡುವು ಅನುಕೂಲ ಎನಿಸಲಿಲ್ಲ.

ನನ್ನ ತಟ್ಟೆ ಬಂತು. ಆಕೆಯ ಮುಂದೆ ಉಣ್ಣಲು ಕೈ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿಯೇ ಆಕೆ, "ಉಣ್ಣು. ನಾಳೆ ಮುಳುಗಾವ ನೀ, ನಾ ಅಲ್ಲ," ಎಂದಳು. ಉಂಡೆ. ಎರಡು ರೊಟ್ಟಿ, ದಿನದ ಲೆಕ್ಕದಷ್ಟೇ.

ಊಟದ ನಂತರ ವಿದ್ಯಾರ್ಥಿಗೆ ಫೋನು ಮಾಡಿ ಆದದ್ದೆಲ್ಲ ಹೇಳಿದೆ. ಎಣ್ಣೆಯ ಶಾಂಪೂ ಹೋಗಬೇಕಾದರೆ ರಾತ್ರಿ ಪೇಸ್ಟು ಹಚ್ಚಿ ಎರಡು ಸಲ ತಿಕ್ಕಿ ತೊಳೆಯಿರಿ, ಬೆಳಿಗ್ಗೆ ಬೇರೆ ಏನನ್ನೂ ಹುಡುಕಬೇಡಿ ಎಂದ. ಮುಂದಿನದನ್ನು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಇಬ್ಬರಿಗೂ ಗೊತ್ತಿತ್ತು.

ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಅಕ್ಕನಿಗೆ ವಿಷಯ ಬಿಡಿಸಿ ಹೇಳಿದೆ. ಗಾಜು ಮಬ್ಬಾಗದಿರಲು ಈಗ ಉಳಿದಿರುವುದು ಒಂದೇ, ಉಗುಳು ಹಚ್ಚುವುದು. ಲಿಂಗವನ್ನು ಹುಡುಕಲು ಹೋಗುವ ಮುಖಕ್ಕೆ ಎಂಜಲು ಹಚ್ಚಿಕೊಂಡು, ಅದೂ ಬಾವಿಗೆ ಇಳಿಯುವುದು ನನ್ನಿಂದ ಆಗುವುದಿಲ್ಲ. ಆಳಂದದ ಅಂಗಡಿಗಳು ತೆರೆಯುವವರೆಗೆ ಕಾದು ಬೇರೆ ಶಾಂಪೂ ತರಿಸುತ್ತೇನೆ, ಹನ್ನೊಂದಾಗುತ್ತದೆ ಎಂದೆ.

ಅಕ್ಕ ಈ ಕಡೆ ಹೊರಳಿದಳು. "ಅದು ನೀರಾಗ ಬಿದ್ದು ಎಷ್ಟೊತ್ತಾತು? ಕಪ್ಪಿ, ಮೀನ ಅದರ ಮ್ಯಾಲ ಏನೇನ್ ಮಾಡ್ಯಾವೋ ಯಾರಿಗ್ಗೊತ್ತು. ನಿನ್ನ ಉಗುಳ ಒಂದು ಹೆಚ್ಚಾತೇನು?"

ಹಾಗಲ್ಲ ಅಕ್ಕಾ, ಬಾವಿಗೆ ಎಂಜಲು ಆಗುತ್ತದೆ ಎಂದೆ.

"ಬಾವಿ ನಂದು. ಲಿಂಗ ನಂದು. ಕಟ್ಟಿ ಮ್ಯಾಲ ಕುಂತು ಉಗುಳು, ತಂಬಗಿ ನೀರಿಲೆ ತೊಳಿ, ಆ ನೀರು ಜ್ವಾಳಕ್ಕ ಚೆಲ್ಲು. ಅಷ್ಟು ಮಾಡಾಕ ಬರಂಗಿಲ್ಲೇನು ನಿನಗ? ಇಷ್ಟು ವರ್ಸ ಹುಡುಗೂರಿಗಿ ಏನ್ ಕಲ್ಸಿದೆಪಾ?"

ಒಂದು ತಂಬಿಗೆ, ಒಂದು ಕಟ್ಟೆ, ಒಂದು ಜೋಳದ ಸಾಲು. ಇಡೀ ಮಧ್ಯಾಹ್ನ ನಾನು ಕಾಣದೇ ಹೋದ ಏರ್ಪಾಡನ್ನು ಎರಡು ದಿನ ಉಪವಾಸವಿದ್ದವಳು ಮಲಗಿದಲ್ಲಿಂದ ಮಾಡಿ ಮುಗಿಸಿದ್ದಳು. ಪೇಸ್ಟು ಕೇಳಿ ಇಸಿದುಕೊಂಡು ಬಚ್ಚಲಿಗೆ ಹೋಗಿ ಗಾಜು ತಿಕ್ಕಿದೆ. ಎರಡು ಸಲವಲ್ಲ, ನಾಲ್ಕು ಸಲ.

ಮರುದಿನ ಎಣ್ಣೆ ಹಚ್ಚಲಿಲ್ಲ, ವಿಭೂತಿ ಧರಿಸಲಿಲ್ಲ. ಒಂಬತ್ತೂವರೆಗೆ ಬಾವಿಯ ಹತ್ತಿರ ಇದ್ದೆವು. ಜನ ಸೇರಿದ್ದರು, ಎಲ್ಲರನ್ನೂ ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ಹಿಂದೆ ಕೂಡಿಸಿದೆ. ಅಕ್ಕನಿಗೆ ಮಾತ್ರ ಮೇಲಿನ ಮೆಟ್ಟಿಲಿನ ಹತ್ತಿರ ಕಂಬಳಿ ಹಾಸಿದೆವು. ಸಣ್ಣ ಸಪ್ಪಳ ಕೇಳಿದ ಜಾಗವನ್ನು ಮತ್ತೊಮ್ಮೆ ತೋರಿಸು ಎಂದೆ. ನೀರಿಗೆ ತಾಗಿದ ಮೆಟ್ಟಿಲಿನ ಎಡಕ್ಕೆ, ಒಂದು ಮೊಳ ದೂರ. ಕರಡಗಿ ಸಿಕ್ಕಿದ್ದು ಬಲಕ್ಕೆ. ಎಲ್ಲರೂ ಕರಡಗಿ ಸಿಕ್ಕಲ್ಲೇ ತಡಕಿದ್ದರು. ನಾನು ಎಡದಿಂದ ಶುರುಮಾಡಲು ನಿಶ್ಚಯಿಸಿದೆ. ಅಳಿಯನಿಗೆ ಒಂದು ಹಗ್ಗ ಕೊಟ್ಟು ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದುಕೊಂಡೆ. ನಲವತ್ತು ಎಣಿಸು, ನಾನು ಬಾರದಿದ್ದರೆ ಎಳೆ ಎಂದೆ.

ಮುಖಕ್ಕೆ ತಣ್ಣೀರು ಎರಚಿಕೊಂಡು ಹತ್ತು ನಿಮಿಷ ಸುಮ್ಮನೆ ಕೂತೆ. ಆಮೇಲೆ ಬೆನ್ನನ್ನು ಜನರ ಕಡೆ ಮಾಡಿ ಒಣಗಿದ ಗಾಜಿಗೆ ಉಗುಳಿದೆ. ಬೆರಳಿನಿಂದ ಮೂಲೆ ಮೂಲೆಗೂ ಸವರಿ, ತಂಬಿಗೆ ನೀರು ಒಮ್ಮೆ ಹೊಯ್ದು, ಆ ನೀರನ್ನು ಜೋಳದ ಸಾಲಿಗೆ ಚೆಲ್ಲಿದೆ. ಮಾಸ್ಕು ಹಾಕಿ ಬಾಯಿಯಿಂದ ಉಸಿರು ಎಳೆದು ಇಳಿದೆ.

ಗಾಜು ಮಬ್ಬಾಗಲಿಲ್ಲ. ಒಂದಾಳಿನಲ್ಲಿ ಕಿವಿ ಒತ್ತಿತು, ರಬ್ಬರಿನ ಮೇಲಿಂದ ಮೂಗು ಹಿಡಿದು ಊದಿದೆ, ಬಿಟ್ಟಿತು. ತಳ ಕಂಡಿತು. ಬಾವಿ ತೋಡುವಾಗ ಮದ್ದು ತುಂಬಲು ಬಂಡೆಗೆ ಕೊರೆದ ಸುರಂಗದ ಗೆರೆಗಳು ಗೋಡೆಯಲ್ಲಿ ನೆಟ್ಟಗೆ ಇಳಿದಿದ್ದವು. ಪಂಪಿನ ಪೈಪಿನ ತುದಿಯ ಫುಟ್‌ವಾಲು ಬುಟ್ಟಿಯಂತೆ ತೂಗುತ್ತಿತ್ತು. ಎಡಗಡೆ ಕೆಸರಿನ ಮೇಲೆ ಕಪ್ಪಗೆ ದುಂಡಗೆ ಒಂದು ಕಂಡಿತು. ಕೈ ಚಾಚಿದರೆ ಒಂದು ಗೇಣು ಕಡಿಮೆ ಬಿತ್ತು, ನೀರು ಅದನ್ನು ಹತ್ತಿರ ತೋರಿಸಿತ್ತು. ಇನ್ನೂ ಇಳಿದು ಹಿಡಿದು ಮೇಲೆ ಬಂದೆ.

ಅಕ್ಕ ಅದನ್ನು ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದಳು. ಔಷಧಿ ಡಬ್ಬಿಯ ಮುಚ್ಚಳ. "ಇದಕ್ಕ ನಾ ಎರಡು ದಿನ ಉಪವಾಸ ಕುಂತೆನೇನಲೇ?" ಎಂದಳು. ಹಿಂದೆ ಕೂತವರಲ್ಲಿ ಯಾರೋ ನಕ್ಕು ನಿಲ್ಲಿಸಿದರು.

ಮಾಸ್ಕನ್ನು ಹಣೆಗೆ ಏರಿಸದೆ ಕೊರಳಿಗೆ ಇಳಿಸಿಕೊಂಡು ಉಸಿರು ಸಮ ಆಗುವವರೆಗೆ ಕೂತೆ. ಗಾಜು ಒರೆಸಿ ಮತ್ತೆ ಉಗುಳಿ, ಸವರಿ, ತೊಳೆದು, ಜೋಳಕ್ಕೆ ಚೆಲ್ಲಿ ಇಳಿದೆ. ಎರಡನೆಯ ಸಲ ಕಿವಿ ಬಿಡಲಿಲ್ಲ, ಅರ್ಧದಿಂದ ಮೇಲೆ ಬಂದೆ. ಮಾಮಾ ಸಾಕು ಮಾಡ್ರಿ ಎಂದು ಅಳಿಯ ಹಗ್ಗ ಸುತ್ತಿಕೊಳ್ಳತೊಡಗಿದ. ಬಿಡು ಎಂದೆ. ಹದಿನೈದು ನಿಮಿಷ ಕಾದೆ. ಕಿವಿ ತಿಳಿಯಾಯಿತು.

ಮೂರನೆಯ ಸಲ ಏನನ್ನೂ ಮುಟ್ಟಬಾರದು, ನೋಡುವುದಷ್ಟೇ ಎಂದು ನಿರ್ಧರಿಸಿ ಇಳಿದೆ. ಮುಟ್ಟಿದರೆ ರಾಡಿ ಏಳುತ್ತದೆ. ತಳಕ್ಕೆ ಒಂದು ಮೊಳ ಮೇಲೆ ನಿಂತು ಕಲ್ಲುಗಳನ್ನು ಸಾಲು ಹಿಡಿದು ನೋಡುತ್ತ ಹೋದೆ. ಸುರಂಗ ಹೊಡೆದು ಒಡೆದ ಕಲ್ಲಿಗೆ ಅಂಚು ಇರುತ್ತದೆ. ಪ್ರತಿಯೊಂದಕ್ಕೂ ಇತ್ತು. ಕೆಳಗಿನ ಮೆಟ್ಟಿಲಿನ ಬುಡದಲ್ಲಿ, ಎರಡು ಚೂರುಗಳ ನಡುವೆ ಒಂದಕ್ಕೆ ಅಂಚು ಇರಲಿಲ್ಲ. ಮೇಲಿನ ಬೆಳಕು ಅದರ ನೆತ್ತಿಯಲ್ಲಿ ಸಣ್ಣ ಬಿಳಿಯ ಚುಕ್ಕೆಯಾಗಿ ಕೂತಿತ್ತು. ಕಾಣುವುದಕ್ಕಿಂತ ಒಂದು ಗೇಣು ಆಚೆ ಕೈ ಹಾಕಿದೆ. ಬೆರಳಿಗೆ ನುಣುಪು ಸಿಕ್ಕಿತು. ಆಗ ಸೊಂಟದ ಹಗ್ಗ ಬಿಗಿಯಿತು. ಅಳಿಯ ನಲವತ್ತು ಎಣಿಸಿ ಮುಗಿಸಿದ್ದ. ಮುಷ್ಟಿ ಕಟ್ಟಿದೆ, ಅವನು ಎಳೆದ.

ಮುಷ್ಟಿಯನ್ನು ಅಕ್ಕನ ಎಡ ಅಂಗೈಯ ಮೇಲೆ ಬಿಚ್ಚಿದೆ. ಆಕೆ ಹೆಬ್ಬೆರಳನ್ನು ಅದರ ಬುಡಕ್ಕೆ ಕೊಂಡೊಯ್ದು ದಿನಾ ಬೆರಳಿಗೆ ಸಿಗುತ್ತಿದ್ದ ಒಂದು ಸಣ್ಣ ತಗ್ಗನ್ನು ಹುಡುಕಿದಳು. ಬೆರಳು ಅಲ್ಲಿ ನಿಂತಿತು. ಮುಷ್ಟಿ ಮಾಡಿ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ಸೊಸೆ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಮೊದಲೇ ಸಿದ್ಧ ಮಾಡಿ ತಂದಿದ್ದಳು. ಎರಡು ತುತ್ತು ಬಾಯಿಗೆ ಹಾಕಿ ಆಮೇಲೆ ಪೂಜೆ ಮಾಡ್ರಿ ಅತ್ತೀ ಎಂದಳು. ಅಕ್ಕ ಅವಳ ಕಡೆ ನೋಡಲೂ ಇಲ್ಲ. ತಂಬಿಗೆ ನೀರು ತರಿಸಿ ಲಿಂಗಕ್ಕೆ ಎರೆದಳು, ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಎಡ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ದಿಟ್ಟಿಸಿದಳು. ಕೈ ಇಳಿಸಲಿಲ್ಲ. ದಿನದ ಪೂಜೆಗೆ ಹಿಡಿಯುವ ಹೊತ್ತು ಪೂರ್ತಿ ಹಿಡಿಯಿತು, ಒಂದು ನಿಮಿಷವನ್ನೂ ಬಿಡಲಿಲ್ಲ. ನಾನು ಒದ್ದೆ ಚಡ್ಡಿಯಲ್ಲಿ ಕೂತು ಆಕೆಯ ಮುಂಗೈಯನ್ನೇ ನೋಡುತ್ತಿದ್ದೆ.

ಪೂಜೆ ಮುಗಿಸಿ ಲಿಂಗವನ್ನು ಕರಡಗಿಯಲ್ಲಿಟ್ಟು, ಹೊಸ ದಾರ ಪೋಣಿಸಿ ಎರಡೆರಡು ಗಂಟು ಹಾಕಿಸಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ತಟ್ಟೆಗೆ ಕೈ ಚಾಚಿದಳು. ಮೊದಲ ತುತ್ತು ನುಂಗುವಾಗ ಕಣ್ಣಲ್ಲಿ ನೀರು ಬಂತು, ಗಂಟಲು ಒಣಗಿದ್ದಕ್ಕೆ ಎಂದಳು. ಸೊಸೆ ಗುಳಿಗೆ ಮುಂದೆ ಹಿಡಿದಳು. ಮೊದಲು ಹೊಟ್ಟೆ ತುಂಬಲಿ ತಡಿ ಬೇ ಎಂದು ಅಕ್ಕ ಗದರಿದಳು. ಹನ್ನೊಂದೂ ಇಪ್ಪತ್ತಕ್ಕೆ ಎರಡನೆಯ ರೊಟ್ಟಿಯನ್ನು ಆಕೆಯೇ ಕೇಳಿ ಹಾಕಿಸಿಕೊಂಡಳು.